ಕೊಟ್ಟರೂ ಕುಂದದ ಸಂಪತ್ತು: ಮುಕ್ತ ತಂತ್ರಾಂಶವೂ ಕ್ರೈಸ್ತ ಹಂಚಿಕೆಯ ಅರ್ಥನೀತಿಯೂ

ಪೀಠಿಕೆ

ಹಿಪ್ಪೋವಿನ ಅಗಸ್ಟೀನನು ನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆಯಲಾರಂಭಿಸಿದ ‘ಕ್ರೈಸ್ತ ಬೋಧನೆಯನ್ನು ಕುರಿತು’ ಎಂಬ ಗ್ರಂಥದ ಮೊದಲ ಪುಸ್ತಕದ ಆರಂಭದಲ್ಲಿ ಒಂದು ಸಣ್ಣ ಆದರೆ ಗಂಭೀರವಾದ ವಿಚಾರವನ್ನು ಮುಂದಿಡುತ್ತಾನೆ. ಇತರರಿಗೆ ಕೊಟ್ಟರೂ ಕಡಿಮೆಯಾಗದಂಥ ವಸ್ತುವೊಂದು ನಮ್ಮಲ್ಲಿದ್ದು, ನಾವು ಅದನ್ನು ಕೊಡದೆ ಇಟ್ಟುಕೊಂಡಿದ್ದರೆ, ಅದನ್ನು ಹೊಂದಬೇಕಾದ ರೀತಿಯಲ್ಲಿ ನಾವು ಇನ್ನೂ ಹೊಂದಿಲ್ಲ ಎಂಬುದು ಅವನ ಅಭಿಪ್ರಾಯ. ಇದಕ್ಕೆ ದೃಷ್ಟಾಂತವಾಗಿ ಅವನು ಯೇಸುಸ್ವಾಮಿಯು ಜನಸಮೂಹಕ್ಕೆ ಉಣಿಸಿದ ರೊಟ್ಟಿಗಳನ್ನು ನೆನೆಯುತ್ತಾನೆ. ಹಂಚಲಾರಂಭಿಸುವ ಮೊದಲು ಅವು ಐದು ಮತ್ತು ಏಳು ಮಾತ್ರವೇ ಆಗಿದ್ದವು. ಹಂಚಲಾರಂಭಿಸಿದ ಮೇಲೆ ಬುಟ್ಟಿಗಳು ತುಂಬಿದವು. ಬೋಧಕನ ಜ್ಞಾನವೂ ಹಾಗೆಯೇ ಎಂದು ಅವನು ವಾದಿಸುತ್ತಾನೆ.

ಅಗಸ್ಟೀನನು ಅಂದು ವೇದವ್ಯಾಖ್ಯಾನದ ಜ್ಞಾನವನ್ನು ಕುರಿತು ಆಡಿದ ಮಾತು ಇಂದು ಜಗತ್ತಿನ ಅರ್ಥವ್ಯವಸ್ಥೆಯ ಮಧ್ಯದಲ್ಲಿಯೇ ಪ್ರಶ್ನೆಯಾಗಿ ನಿಂತಿದೆ. ನಮ್ಮ ಬ್ಯಾಂಕುಗಳು, ಆಸ್ಪತ್ರೆಗಳು, ಪತ್ರಿಕೆಗಳು, ನಮ್ಮ ಕೈಯಲ್ಲಿರುವ ಮೊಬೈಲ್ ಫೋನುಗಳು ಇವೆಲ್ಲವೂ ನಡೆಯುತ್ತಿರುವುದು ಬಹುಮಟ್ಟಿಗೆ ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ತಂತ್ರಾಂಶಗಳ ಮೇಲೆ. ಇಂಥ ಮುಕ್ತ ತಂತ್ರಾಂಶವು ಹಂಚಿಕೆಯ ಮೂಲಕ ಆರ್ಥಿಕ ಸಮೃದ್ಧಿಗೆ ದಾರಿಯೆಂದು ಅದರ ಪ್ರತಿಪಾದಕರು ಹೇಳುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ನಿಜ? ಅದರಲ್ಲಿ ಸುವಾರ್ತೆಗೆ ಹತ್ತಿರವಾದದ್ದು ಯಾವುದು, ದೂರವಾದದ್ದು ಯಾವುದು? ಸಭೆಯು ಇದರಿಂದ ಕಲಿಯಬೇಕಾದುದೇನು? ಈ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನವು ಪರಿಶೀಲಿಸುತ್ತದೆ.

ಎರಡು ಬಗೆಯ ಸ್ವತ್ತು

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನನ್ನಲ್ಲಿರುವ ಒಂದು ರೊಟ್ಟಿಯನ್ನು ನಿಮಗೆ ಕೊಟ್ಟರೆ ನನಗೆ ರೊಟ್ಟಿ ಉಳಿಯುವುದಿಲ್ಲ. ಅರ್ಧ ಕೊಟ್ಟರೆ ಅರ್ಧ ಉಳಿಯುತ್ತದೆ. ಭೂಮಿ, ನೀರು, ಧಾನ್ಯ, ಹಣ ಇವೆಲ್ಲವೂ ಈ ಗುಂಪಿಗೆ ಸೇರಿದವು. ಆದರೆ ನನ್ನ ದೀಪದಿಂದ ನಿಮ್ಮ ದೀಪವನ್ನು ಹಚ್ಚಿಕೊಂಡರೆ ನನ್ನ ಬೆಳಕು ಕಡಿಮೆಯಾಗುವುದಿಲ್ಲ. ಒಂದು ರಾಗ, ಒಂದು ಔಷಧದ ಸೂತ್ರ, ಒಂದು ಗಣಿತದ ವಿಧಾನ, ಒಂದು ತಂತ್ರಾಂಶ ಇವು ಎರಡನೆಯ ಗುಂಪಿಗೆ ಸೇರಿದವು. ವಿದ್ಯೆಯು ಕೊಟ್ಟಷ್ಟೂ ಬೆಳೆಯುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಈ ಭೇದವನ್ನು ಅರಿತೇ.

ಅರ್ಥಶಾಸ್ತ್ರವು ಸಾಮಾನ್ಯವಾಗಿ ಕೊರತೆಯಿಂದ ಆರಂಭವಾಗುತ್ತದೆ. ಬೇಡಿಕೆಗಳು ಅಪಾರ, ಸಾಧನಗಳು ಮಿತ. ಆದುದರಿಂದ ಬೆಲೆ, ಪೈಪೋಟಿ, ಮಾರುಕಟ್ಟೆ. ಮೊದಲನೆಯ ಗುಂಪಿನ ವಸ್ತುಗಳಿಗೆ ಇದು ಹೊಂದುತ್ತದೆ. ಎರಡನೆಯ ಗುಂಪಿನ ವಸ್ತುಗಳಲ್ಲಿ ಸ್ವಾಭಾವಿಕವಾದ ಕೊರತೆ ಇಲ್ಲ. ಒಮ್ಮೆ ಬರೆದ ತಂತ್ರಾಂಶದ ಹತ್ತು ಲಕ್ಷದ ಪ್ರತಿಯನ್ನು ಮಾಡಲು ತಗಲುವ ವೆಚ್ಚ ಬಹುತೇಕ ಶೂನ್ಯ. ಅಲ್ಲಿ ಕೊರತೆ ಇದೆಯೆಂದರೆ ಅದನ್ನು ಕಾನೂನಿನಿಂದಲೋ ಬೀಗದಿಂದಲೋ ನಿರ್ಮಿಸಲಾಗಿದೆ ಎಂದೇ ಅರ್ಥ.

ನಿರ್ಮಿತ ಕೊರತೆಗೆ ಸಮರ್ಥನೆಯೇ ಇಲ್ಲವೆಂದು ಹೇಳುವುದು ನ್ಯಾಯವಲ್ಲ. ಬರೆದವನು ಬದುಕಬೇಕು. 1710ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ಮೊದಲ ಕೃತಿಸ್ವಾಮ್ಯ ಕಾನೂನು ಹೊಸ ಪುಸ್ತಕಗಳಿಗೆ 14 ವರ್ಷಗಳ ಹಕ್ಕನ್ನು ಕೊಟ್ಟು, ಲೇಖಕನು ಬದುಕಿದ್ದರೆ ಇನ್ನೂ 14 ವರ್ಷ ಮುಂದುವರಿಸಲು ಅವಕಾಶ ಮಾಡಿತು. ಇಂದು ಭಾರತದಲ್ಲಿ ಈ ಹಕ್ಕು ಲೇಖಕನ ಜೀವಿತಕಾಲವೂ ಅವನ ಮರಣಾನಂತರ 60 ವರ್ಷಗಳೂ ಉಳಿಯುತ್ತದೆ. ಯಾಜಕಕಾಂಡದ 25ನೆಯ ಅಧ್ಯಾಯವು ಭೂಮಿಯಂಥ ಮಿತವಾದ ಸ್ವತ್ತಿಗೂ ಗಡಿಯನ್ನು ಹಾಕಿ, 50ನೆಯ ವರ್ಷವಾದ ಜೂಬಿಲಿ ಸಂವತ್ಸರದಲ್ಲಿ ಅದು ಮೂಲ ಕುಟುಂಬಕ್ಕೆ ಹಿಂದಿರುಗಬೇಕೆಂದು ವಿಧಿಸಿತು. ಭೂಮಿಯು ದೇವರದು, ಇಸ್ರಾಯೇಲ್ಯರು ಅದರಲ್ಲಿ ಪ್ರವಾಸಿಗಳು ಎಂಬುದು ಅದಕ್ಕೆ ಕೊಟ್ಟ ಕಾರಣ. ಹಂಚಿದರೆ ಕುಂದುವ ಭೂಮಿಗೇ ಒಡೆತನದ ಮಿತಿ ಇದ್ದರೆ, ಹಂಚಿದರೆ ಕುಂದದ ಜ್ಞಾನಕ್ಕೆ ಇರಬೇಕಾದ ಮಿತಿ ಇನ್ನೂ ಕಿರಿದಾಗಿರಬೇಕಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ.

ಮುಕ್ತ ತಂತ್ರಾಂಶದ ಹುಟ್ಟು

ತಂತ್ರಾಂಶವು ಮನುಷ್ಯನು ಓದಬಲ್ಲ ಭಾಷೆಯಲ್ಲಿ ಬರೆಯಲ್ಪಡುತ್ತದೆ. ಇದನ್ನು ಆಕರ ಸಂಕೇತವೆನ್ನುತ್ತಾರೆ. ಅನಂತರ ಅದು ಯಂತ್ರ ಮಾತ್ರವೇ ಓದಬಲ್ಲ ರೂಪಕ್ಕೆ ಪರಿವರ್ತನೆಯಾಗುತ್ತದೆ. ಯಂತ್ರರೂಪವನ್ನು ಮಾತ್ರ ಮಾರಿ ಆಕರವನ್ನು ಮುಚ್ಚಿಟ್ಟರೆ, ಕೊಂಡವನು ಅದನ್ನು ಬಳಸಬಹುದೇ ಹೊರತು ಅರಿಯಲಾರನು, ತಿದ್ದಲಾರನು. ಊಟವನ್ನು ಮಾರಿ ಅಡುಗೆಯ ವಿಧಾನವನ್ನು ಗುಟ್ಟಾಗಿಟ್ಟಂತೆ ಇದು.

ಕಂಪ್ಯೂಟರಿನ ಆರಂಭದ ದಶಕಗಳಲ್ಲಿ ಸಂಶೋಧಕರು ಆಕರವನ್ನು ಪರಸ್ಪರ ಹಂಚಿಕೊಳ್ಳುವುದು ವಾಡಿಕೆಯಾಗಿತ್ತು. ಕಾಲಕ್ರಮದಲ್ಲಿ ಬೀಗಗಳು ಬಿದ್ದವು. ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಇದನ್ನು ಕೇವಲ ಅನಾನುಕೂಲವೆಂದಲ್ಲ, ನೆರೆಯವನೊಡನೆ ಹಂಚಿಕೊಳ್ಳುವುದನ್ನು ತಡೆಯುವ ನೈತಿಕ ದೋಷವೆಂದು ಕಂಡರು. 1983ರಲ್ಲಿ ಅವರು ‘ಗ್ನೂ’ ಯೋಜನೆಯನ್ನು ಘೋಷಿಸಿದರು. 1989ರಲ್ಲಿ ಅದರ ಸಾರ್ವಜನಿಕ ಪರವಾನಗಿಯ ಮೊದಲ ಆವೃತ್ತಿ ಪ್ರಕಟವಾಯಿತು. ಯಾವ ಉದ್ದೇಶಕ್ಕಾದರೂ ಬಳಸುವ, ಒಳಗನ್ನು ಅಭ್ಯಸಿಸಿ ಮಾರ್ಪಡಿಸುವ, ಪ್ರತಿಗಳನ್ನು ಹಂಚುವ, ಮಾರ್ಪಡಿಸಿದುದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಈ ಚಳುವಳಿಯ ಆಧಾರಸ್ತಂಭಗಳು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ‘ಲಿನಕ್ಸ್’ ಎಂಬ ತಿರುಳನ್ನು ಬರೆದು, ಮರುವರ್ಷ ಅದನ್ನು ಇದೇ ಪರವಾನಗಿಯಡಿ ತಂದರು. 1993ರ ಏಪ್ರಿಲ್ 30ರಂದು ಜಿನೀವಾದ ಸರ್ನ್ ಸಂಶೋಧನಾ ಕೇಂದ್ರವು ತನ್ನಲ್ಲಿ ಹುಟ್ಟಿದ ವಿಶ್ವವ್ಯಾಪಿ ಜಾಲದ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು.

ಈ ಕಥೆಯಲ್ಲಿ ಕ್ರೈಸ್ತ ವಿಶ್ವಾಸಿಗಳ ಪಾತ್ರವೂ ಇದೆ. ಗಣಿತ ಗ್ರಂಥಗಳ ಅಚ್ಚುಜೋಡಣೆಗೆ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ‘ಟೆಕ್’ ವ್ಯವಸ್ಥೆಯನ್ನು ರಚಿಸಿ ಮುಕ್ತವಾಗಿ ಕೊಟ್ಟ ಡೊನಾಲ್ಡ್ ಕನೂತ್ ಲುಥೆರನ್ ಸಭೆಯವರು. ಸತ್ಯವೇದದ ಪ್ರತಿ ಪುಸ್ತಕದ ಮೂರನೆಯ ಅಧ್ಯಾಯದ ಹದಿನಾರನೆಯ ವಚನವನ್ನು ಕುರಿತ ಅವರ ಅಧ್ಯಯನ ಗ್ರಂಥವು 1991ರಲ್ಲಿ ಪ್ರಕಟವಾಯಿತು.

ಪರವಾನಗಿಯಲ್ಲಿ ಅಡಗಿರುವ ನೀತಿ

ಮುಕ್ತ ಪರವಾನಗಿಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ದೈವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ವ್ಯತ್ಯಾಸವು ಇವುಗಳ ನಡುವೆ ಇದೆ.

ಮೊದಲನೆಯದು ಉದಾರ ಪರವಾನಗಿ. ಕರ್ತೃವಿನ ಹೆಸರನ್ನು ಉಳಿಸಿಕೊಂಡರೆ ಸಾಕು. ಪಡೆದವನು ಅದನ್ನು ಏನು ಬೇಕಾದರೂ ಮಾಡಬಹುದು, ಮತ್ತೆ ಬೀಗ ಹಾಕಿ ಮಾರಲೂಬಹುದು. ತಂದೆಯಾದ ದೇವರು ನೀತಿವಂತರ ಮೇಲೆಯೂ ಅನೀತಿವಂತರ ಮೇಲೆಯೂ ಮಳೆ ಸುರಿಸುತ್ತಾನೆಂದು ಪರ್ವತ ಪ್ರಸಂಗದಲ್ಲಿ ಯೇಸು ಹೇಳಿದ ಚಿತ್ರಕ್ಕೆ (ಮತ್ತಾಯ 5:45) ಇದು ಸಮೀಪವಾದದ್ದು. ಇಲ್ಲಿ ಪಡೆಯುವವನ ಯೋಗ್ಯತೆಯನ್ನು ಕೇಳುವುದಿಲ್ಲ, ಮರುಪಾವತಿಯನ್ನು ನಿರೀಕ್ಷಿಸುವುದಿಲ್ಲ.

ಎರಡನೆಯದು ಗ್ನೂ ಪರವಾನಗಿಯಂಥದು. ಇದರಲ್ಲಿ ಒಂದು ನಿಬಂಧನೆಯಿದೆ: ನೀನು ಮಾರ್ಪಡಿಸಿದುದನ್ನು ಇತರರಿಗೆ ಹಂಚುವುದಾದರೆ, ನಿನಗೆ ಸಿಕ್ಕ ಸ್ವಾತಂತ್ರ್ಯವನ್ನೇ ಅವರಿಗೂ ಕೊಡಬೇಕು. ಇಲ್ಲಿ ನಮಗೆ ನೆನಪಾಗುವುದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದ ಆಳಿನ ಸಾಮ್ಯ. ತನ್ನ ಅಪಾರ ಸಾಲವನ್ನು ಒಡೆಯನಿಂದ ಬಿಡಿಸಿಕೊಂಡ ಆಳು ಹೊರಗೆ ಬಂದು ತನ್ನ ಜೊತೆಯವನ ಅಲ್ಪ ಸಾಲಕ್ಕಾಗಿ ಅವನ ಕುತ್ತಿಗೆ ಹಿಡಿದನು. ಕೃಪೆಯನ್ನು ಪಡೆದವನು ಕೃಪೆಯನ್ನು ಮುಂದಕ್ಕೆ ಸಾಗಿಸಬೇಕು. ಅದು ಅವನಲ್ಲಿಯೇ ನಿಂತುಹೋಗಬಾರದು. ಮಾರ್ಪಡಿಸಿದ ತಂತ್ರಾಂಶವನ್ನು ಮತ್ತೆ ಬೀಗದೊಳಗಿಡದಂತೆ ತಡೆಯುವ ಈ ನಿಬಂಧನೆಯು ಕೃತಿಸ್ವಾಮ್ಯದ ಕಾನೂನನ್ನೇ ಬಳಸಿಕೊಂಡು ಕೃತಿಸ್ವಾಮ್ಯದ ಗೋಡೆಯನ್ನು ದ್ವಾರವಾಗಿ ಮಾಡುತ್ತದೆ.

ಯಾವುದು ಹೆಚ್ಚು ಸುವಾರ್ತಾನುಸಾರವಾದದ್ದು ಎಂದು ತೀರ್ಮಾನಿಸುವ ಅಗತ್ಯವಿಲ್ಲ. ಕೃಪೆಯು ಷರತ್ತಿಲ್ಲದೆ ಬರುತ್ತದೆ ಎಂಬುದೂ, ಬಂದ ಕೃಪೆಯು ಫಲವನ್ನು ಕೇಳುತ್ತದೆ ಎಂಬುದೂ ಒಂದೇ ಸುವಾರ್ತೆಯ ಎರಡು ಮುಖಗಳು. ಆದರೆ ಕ್ರೈಸ್ತರು ಮರೆಯಬಾರದ ಒಂದು ಮಾತಿದೆ. ಪರವಾನಗಿಯು ನ್ಯಾಯಾಲಯದಲ್ಲಿ ಜಾರಿಗೊಳಿಸಬಹುದಾದ ಪತ್ರ, ಕೃಪೆ ಹಾಗಲ್ಲ. ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿ ಪೇತ್ರನು ಅನನೀಯನಿಗೆ, ಹೊಲವು ಮಾರುವ ಮೊದಲು ಅವನದಾಗಿತ್ತು, ಮಾರಿದ ಮೇಲೂ ಹಣವು ಅವನ ಅಧೀನದಲ್ಲಿಯೇ ಇತ್ತು ಎಂದು ನೆನಪಿಸುತ್ತಾನೆ. ಅವನ ಪಾಪವು ಹಣವನ್ನು ಇಟ್ಟುಕೊಂಡದ್ದಲ್ಲ, ಎಲ್ಲವನ್ನೂ ಕೊಟ್ಟಂತೆ ನಟಿಸಿದ್ದು. ಹಂಚಿಕೆಯು ಸ್ವಇಚ್ಛೆಯಿಂದ ಹುಟ್ಟಬೇಕು. ಮುಕ್ತವೆಂಬ ಹೆಸರನ್ನು ಮಾತ್ರ ಧರಿಸಿ ಒಳಗೆ ಬೀಗವಿಟ್ಟುಕೊಳ್ಳುವ ಕಪಟಕ್ಕೆ ಈ ಭಾಗದಲ್ಲಿ ಎಚ್ಚರಿಕೆಯಿದೆ.

ಸಮೃದ್ಧಿ ಹೇಗೆ ಹುಟ್ಟುತ್ತದೆ

ಉಚಿತವಾಗಿ ಕೊಟ್ಟುದರಿಂದ ಸಂಪತ್ತು ಹೇಗೆ ಬೆಳೆಯುತ್ತದೆ ಎಂದು ಸಂದೇಹಪಡುವವರಿದ್ದಾರೆ. ಇದಕ್ಕೆ ಪವಾಡದ ವಿವರಣೆ ಬೇಕಾಗಿಲ್ಲ, ಕಾರಣಗಳು ಸರಳವಾಗಿವೆ. ಒಂದನೆಯದಾಗಿ, ಒಂದೇ ಕೆಲಸವನ್ನು ನೂರು ಸಂಸ್ಥೆಗಳು ನೂರು ಬಾರಿ ಮಾಡುವ ವ್ಯರ್ಥಶ್ರಮ ತಪ್ಪುತ್ತದೆ. ಎರಡನೆಯದಾಗಿ, ಹಲವರು ಓದುವುದರಿಂದ ದೋಷಗಳನ್ನು ಕಂಡುಹಿಡಿಯುವ ಅವಕಾಶ ಹೆಚ್ಚುತ್ತದೆ. ಮೂರನೆಯದಾಗಿ, ಬಂಡವಾಳವಿಲ್ಲದ ಯುವಕನೂ ಜಗತ್ತಿನ ಅತ್ಯುತ್ತಮ ಸಾಧನಗಳನ್ನು ಹಿಡಿದು ಕೆಲಸ ಆರಂಭಿಸಬಲ್ಲನು. ನಾಲ್ಕನೆಯದಾಗಿ, ತಂತ್ರಾಂಶವು ಉಚಿತವಾದರೂ ಅದನ್ನು ಅಳವಡಿಸುವ, ಕಲಿಸುವ, ಕಾಯುವ ಸೇವೆಗೆ ಬೆಲೆಯಿದೆ. ಲಿನಕ್ಸನ್ನು ಆಧರಿಸಿ ಸೇವೆ ಒದಗಿಸುತ್ತಿದ್ದ ರೆಡ್ ಹ್ಯಾಟ್ ಸಂಸ್ಥೆಯನ್ನು ಐ.ಬಿ.ಎಂ. 2019ರಲ್ಲಿ 3,400 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಂದಾಜೊಂದು ಇದನ್ನು ಅಂಕಿಗಳಲ್ಲಿ ತೋರಿಸುತ್ತದೆ. ವ್ಯಾಪಕವಾಗಿ ಬಳಕೆಯಲ್ಲಿರುವ ಮುಕ್ತ ತಂತ್ರಾಂಶಗಳನ್ನು ಒಮ್ಮೆ ಹೊಸದಾಗಿ ಬರೆಯಲು ಸುಮಾರು 415 ಕೋಟಿ ಡಾಲರುಗಳು ಸಾಕು. ಆದರೆ ಅವುಗಳು ಇಲ್ಲದೆ ಹೋಗಿ, ಬಳಸುವ ಪ್ರತಿಯೊಂದು ಸಂಸ್ಥೆಯೂ ತಾನೇ ಬರೆದುಕೊಳ್ಳಬೇಕಾಗಿ ಬಂದರೆ ತಗಲುವ ವೆಚ್ಚ ಸುಮಾರು 8.8 ಲಕ್ಷ ಕೋಟಿ ಡಾಲರುಗಳು. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಹಂಚಿಕೆಯಿಂದ ಹುಟ್ಟಿದ ಸಮೃದ್ಧಿ. ಇಂದು ಜಗತ್ತಿನ ಅತ್ಯಂತ ವೇಗದ 500 ಸೂಪರ್ ಕಂಪ್ಯೂಟರುಗಳೂ ಲಿನಕ್ಸನ್ನೇ ಬಳಸುತ್ತವೆ.

ಬಡ ರಾಷ್ಟ್ರಗಳಿಗೆ ಇದರ ಮಹತ್ವ ಇನ್ನೂ ಹೆಚ್ಚು. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ 2018ರಲ್ಲಿ ಆರಂಭವಾದ ‘ಮೋಸಿಪ್’ ಎಂಬ ಮುಕ್ತ ಗುರುತಿನ ವೇದಿಕೆಯನ್ನು ಫಿಲಿಪ್ಪೀನ್ಸ್ ಮುಂತಾದ ದೇಶಗಳು ತಮ್ಮ ಪ್ರಜೆಗಳ ಗುರುತಿನ ವ್ಯವಸ್ಥೆಗೆ ಬಳಸಿಕೊಂಡಿವೆ. ಒಂದೇ ಮಾರಾಟಗಾರನಿಗೆ ದಶಕಗಳ ಕಾಲ ಅಡವಾಗಿ ಉಳಿಯುವ ಅಪಾಯದಿಂದ ಪಾರಾಗಲು ಇದು ಒಂದು ಮಾರ್ಗ.

ಸತ್ಯವೇದದಲ್ಲಿ ಇಂಥ ಸಮೃದ್ಧಿಗೆ ಸ್ಪಷ್ಟವಾದ ಚಿತ್ರವು ವಿಮೋಚನಕಾಂಡದ 35 ಮತ್ತು 36ನೆಯ ಅಧ್ಯಾಯಗಳಲ್ಲಿ ದೊರೆಯುತ್ತದೆ. ದೇವದರ್ಶನದ ಗುಡಾರವನ್ನು ಕಟ್ಟಲು ಮೋಶೆಯು ಹೃದಯಪೂರ್ವಕವಾದ ಕಾಣಿಕೆಯನ್ನು ಮಾತ್ರ ಕೇಳುತ್ತಾನೆ. ಒಡವೆಯುಳ್ಳವರು ಒಡವೆಯನ್ನು, ನೂಲುವ ಸ್ತ್ರೀಯರು ನೂಲನ್ನು, ಕುಶಲಕರ್ಮಿಗಳು ಕೌಶಲವನ್ನು ತರುತ್ತಾರೆ. ಬೆಚಲೇಲನಿಗೂ ಒಹೊಲೀಯಾಬನಿಗೂ ದೇವರಾತ್ಮನಿಂದ ದೊರೆತದ್ದು ಕೈಚಳಕ ಮಾತ್ರವಲ್ಲ, ಇತರರಿಗೆ ಕಲಿಸುವ ವರವೂ ಆಗಿತ್ತು (35:34). ಕಲಿಸಲಾಗದ ಕೌಶಲವನ್ನು ಅಲ್ಲಿ ಪೂರ್ಣ ವರವೆಂದು ಎಣಿಸಿಲ್ಲ. ಕೊನೆಗೆ ಕಾಣಿಕೆಗಳು ಬೇಕಾದುದಕ್ಕಿಂತ ಹೆಚ್ಚಾಗಿ, ಇನ್ನು ತರಬೇಡಿರೆಂದು ಮೋಶೆಯು ಪಾಳೆಯದಲ್ಲಿ ಸಾರಿಸಬೇಕಾಯಿತು. ಐಗುಪ್ತದಲ್ಲಿ ಬಲವಂತದಿಂದ ಇಟ್ಟಿಗೆ ಮಾಡುತ್ತಿದ್ದ ಅದೇ ಜನರು, ಸ್ವತಂತ್ರರಾದಾಗ ತಡೆಯಬೇಕಾಗುವಷ್ಟು ಕೊಟ್ಟರು.

ಕನ್ನಡದ ಅಕ್ಷರಗಳಲ್ಲಿ ಕಾಣುವ ಹಂಚಿಕೆ

ಈ ವಿಚಾರವು ನಮ್ಮಿಂದ ದೂರದ್ದೆಂದು ಭಾವಿಸುವವರು ಕಂಪ್ಯೂಟರಿನ ತೆರೆಯ ಮೇಲೆ ಮೂಡುವ ಕನ್ನಡದ ಅಕ್ಷರಗಳನ್ನು ಗಮನಿಸಬೇಕು. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಯಂತ್ರದ ಸ್ಮೃತಿಯಲ್ಲಿ ಅದು ಆರು ಸಂಕೇತಗಳ ಸಾಲು. ಸಕಾರದ ಕೆಳಗೆ ತಕಾರದ ಒತ್ತು, ಅದರೊಡನೆ ರಕಾರದ ಒತ್ತು, ಮೇಲೆ ದೀರ್ಘ ಇವನ್ನು ಸರಿಯಾದ ಸ್ಥಾನದಲ್ಲಿ ಜೋಡಿಸುವ ಕೆಲಸವನ್ನು ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಮೊದಲಾದವುಗಳಲ್ಲಿ ಮಾಡುತ್ತಿರುವುದು ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ. ಲಾಭದ ದೃಷ್ಟಿಯಿಂದ ಮಾತ್ರ ನಡೆಯುವ ಮಾರುಕಟ್ಟೆಯಲ್ಲಿ ಒತ್ತಕ್ಷರಗಳ ಸರದಿ ಬರಲು ಬಹುಕಾಲ ಕಾಯಬೇಕಾಗುತ್ತಿತ್ತು. ಮುಕ್ತ ತಂತ್ರಾಂಶದಲ್ಲಿಯಾದರೋ ಒಂದು ಭಾಷೆಗಾಗಿ ಮಾಡಿದ ದುಡಿಮೆಯು ಇತರ ಭಾಷೆಗಳಿಗೂ ಆಧಾರವಾಗುತ್ತದೆ.

ಅಕ್ಷರರೂಪಗಳ ವಿಷಯದಲ್ಲಿ ಇನ್ನೂ ಕುತೂಹಲಕರವಾದ ಸಂಗತಿಯಿದೆ. ನೋಟೋ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಮುಂತಾದ ಲಿಪಿವಿನ್ಯಾಸಗಳು ‘ಓಪನ್ ಫಾಂಟ್ ಲೈಸೆನ್ಸ್’ ಎಂಬ ಪರವಾನಗಿಯಡಿ ದೊರೆಯುತ್ತವೆ. ಈ ಪರವಾನಗಿಯನ್ನು 2005ರಲ್ಲಿ ರೂಪಿಸಿದ್ದು ಎಸ್.ಐ.ಎಲ್. ಎಂಬ ಕ್ರೈಸ್ತ ಭಾಷಾಸಂಸ್ಥೆ. ಸಣ್ಣ ಭಾಷೆಗಳ ಅಧ್ಯಯನಕ್ಕೂ ಸತ್ಯವೇದ ಭಾಷಾಂತರಕ್ಕೂ ಬೇಕಾದ ಲಿಪಿಗಳನ್ನು ಎಲ್ಲರಿಗೂ ದೊರಕಿಸುವ ಅಗತ್ಯದಿಂದ ಬಂದ ಈ ಪತ್ರವು ಇಂದು ಜಗತ್ತಿನ ಬಹುತೇಕ ಮುಕ್ತ ಲಿಪಿವಿನ್ಯಾಸಗಳ ಆಧಾರವಾಗಿದೆ.

ಕನ್ನಡ ನಾಡಿನ ಸಭೆಗಳಿಗೆ ಇಂಥ ಸೇವೆ ಹೊಸದಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದರು. ಫರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು. ಕಿಟ್ಟೆಲರ ನಿಘಂಟು ಸಭೆಯ ಗೋಡೆಯೊಳಗೆ ಉಳಿಯಲಿಲ್ಲ. ಅದು ಎಲ್ಲ ಮತಗಳ, ಎಲ್ಲ ಪಂಥಗಳ ಕನ್ನಡಿಗರ ಸ್ವತ್ತಾಯಿತು. ಇದೇ ಪರಂಪರೆಯಲ್ಲಿ ನಮ್ಮ ಕಾಲದಲ್ಲಿ ವಿ. ಕೃಷ್ಣ ಅವರು ಹಲವು ದಶಕಗಳ ಏಕಾಂಗಿ ಶ್ರಮದಿಂದ ಸಿದ್ಧಪಡಿಸಿದ, ಒಂದೂವರೆ ಲಕ್ಷಕ್ಕೂ ಮಿಕ್ಕ ಪದಗಳುಳ್ಳ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಹೊರಬಂತು. ಯಾವ ವಿದ್ಯಾರ್ಥಿಯಾದರೂ ಅದರ ಸಮಗ್ರ ದತ್ತಾಂಶವನ್ನು ಪಡೆದು ಹೊಸ ಸಾಧನವನ್ನು ಕಟ್ಟಬಹುದು. ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹವೆಂದು ಜೋಡಿಯಾಗಿ ಹೇಳಿದುದರಲ್ಲಿಯೂ, ಹಳ್ಳಿಯ ರೈತರು ಮುಯ್ಯಾಳುಗಳಾಗಿ ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿಯುತ್ತಿದ್ದುದರಲ್ಲಿಯೂ ಇದಕ್ಕೆ ಸಂವಾದಿಯಾದ ತಿಳಿವಳಿಕೆಯಿದೆ. ಈ ನೆಲದ ಜನರಿಗೆ ಹಂಚಿಕೆಯನ್ನು ಕಲಿಸಲು ನಾವು ಹೊರಗಿನಿಂದ ಬರಬೇಕಾಗಿಲ್ಲ.

ದ್ರಾಕ್ಷೆಯ ತೋಟ ಮತ್ತು ಪುಟ್ಟಿ

ಇಷ್ಟನ್ನು ಹೇಳಿದ ಮೇಲೆ, ಸಮೃದ್ಧಿಯ ಈ ಭರವಸೆಯಲ್ಲಿರುವ ಕೊರತೆಗಳನ್ನೂ ಹೇಳಬೇಕು.

ಪ್ರತಿ ಮಾಡುವುದು ಉಚಿತವಾದರೂ ಬರೆಯುವುದು ಉಚಿತವಲ್ಲ. ತಂತ್ರಾಂಶವು ಕುಂದುವುದಿಲ್ಲ, ಅದನ್ನು ಕಾಯುವ ಮನುಷ್ಯನ ಸಮಯ, ನಿದ್ರೆ, ಆರೋಗ್ಯ ಇವು ಕುಂದುತ್ತವೆ. 2014ರ ಏಪ್ರಿಲ್ ತಿಂಗಳಲ್ಲಿ ‘ಓಪನ್ ಎಸ್.ಎಸ್.ಎಲ್.’ ಎಂಬ ಮುಕ್ತ ತಂತ್ರಾಂಶದಲ್ಲಿ ‘ಹಾರ್ಟ್‌ಬ್ಲೀಡ್’ ಎಂದು ಹೆಸರಾದ ದೋಷ ಬೆಳಕಿಗೆ ಬಂತು. ಅಂತರ್ಜಾಲದ ಅಸಂಖ್ಯಾತ ತಾಣಗಳ ಗೋಪ್ಯತೆಯು ಅದನ್ನೇ ನಂಬಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯಷ್ಟು ಜನ, ಅವರಿಗೆ ಬರುತ್ತಿದ್ದ ದೇಣಿಗೆ ಅತ್ಯಲ್ಪ. 2024ರಲ್ಲಿ ‘ಎಕ್ಸ್-ಝಡ್’ ಎಂಬ ಸಣ್ಣ ಉಪಕರಣದೊಳಗೆ ಕಳ್ಳಬಾಗಿಲೊಂದನ್ನು ಇಡಲಾಗಿದ್ದುದು ಪತ್ತೆಯಾಯಿತು. ಒಂಟಿಯಾಗಿ ದುಡಿದು ದಣಿದಿದ್ದ ಸ್ವಯಂಸೇವಕನ ವಿಶ್ವಾಸವನ್ನು ಸಹಾಯದ ನೆಪದಲ್ಲಿ ಗಳಿಸಿದವರು ಅದನ್ನು ಒಳಸೇರಿಸಿದ್ದರು. ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಹಾಕಬಾರದೆಂಬ ಧರ್ಮೋಪದೇಶಕಾಂಡದ ವಿಧಿಯನ್ನು (25:4) ಪೌಲನು ಎರಡು ಬಾರಿ ಸಭೆಯ ಸೇವಕರಿಗೆ ಅನ್ವಯಿಸುತ್ತಾನೆ. ಅದೇ ಪೌಲನು ಸುವಾರ್ತೆಯನ್ನು ಉಚಿತವಾಗಿ ಸಾರುವುದೇ ತನ್ನ ಹೆಮ್ಮೆಯೆಂದನು (1 ಕೊರಿಂಥ 9). ಕೊಡುವವನು ಉಚಿತವಾಗಿ ಕೊಡುವುದು ಅವನ ಹಿರಿಮೆ. ಪಡೆಯುವವನು ಅವನನ್ನು ಹಸಿವಿನಲ್ಲಿ ಬಿಡುವುದು ಅನ್ಯಾಯ. ಈ ಎರಡು ಮಾತುಗಳೂ ಒಟ್ಟಿಗೆ ನಿಲ್ಲಬೇಕು.

ಎರಡನೆಯ ಕೊರತೆಯು ಫಲದ ಹಂಚಿಕೆಯದು. ಮುಕ್ತ ತಂತ್ರಾಂಶದಿಂದ ಅತಿ ಹೆಚ್ಚು ಲಾಭ ಗಳಿಸಿದವರು ಅತಿ ದೊಡ್ಡ ಕಂಪನಿಗಳು. ಹೊಲದ ಅಂಚನ್ನೂ ಹಕ್ಕಲನ್ನೂ ಬಡವರಿಗೆ ಬಿಡಬೇಕೆಂದು ಯಾಜಕಕಾಂಡದ 19ನೆಯ ಅಧ್ಯಾಯ ಹೇಳಿತು. ಇಲ್ಲಿ ಕ್ರಮ ತಿರುಗಿ, ಸ್ವಯಂಸೇವಕರ ಹೊಲದಲ್ಲಿ ಧನಿಕರು ಹಕ್ಕಲಾಯುತ್ತಿರುವುದು ಕಾಣುತ್ತದೆ. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿ ಇದಕ್ಕೆ ಹೊಂದುವ ಸೂಕ್ಷ್ಮವಾದ ವಿಧಿಯೊಂದಿದೆ. ನೆರೆಯವನ ದ್ರಾಕ್ಷೆಯ ತೋಟಕ್ಕೆ ಹೋದವನು ಹೊಟ್ಟೆ ತುಂಬ ಹಣ್ಣು ತಿನ್ನಬಹುದು. ಪುಟ್ಟಿಯಲ್ಲಿ ತುಂಬಿಕೊಂಡು ಹೋಗಬಾರದು. ಬಳಕೆಗೂ ಸೂರೆಗೂ ಇರುವ ಅಂತರವನ್ನು ಈ ವಿಧಿ ಗುರುತಿಸುತ್ತದೆ. ಸಾಮುದಾಯಿಕ ದುಡಿಮೆಯಿಂದ ಕೋಟಿಗಳನ್ನು ಗಳಿಸಿ, ಅದರ ಪಾಲನೆಗೆ ಏನನ್ನೂ ಹಿಂದಿರುಗಿಸದವನು ಪುಟ್ಟಿ ಹಿಡಿದು ಬಂದವನೇ ಸರಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಹಸಿದವನು ತಂತ್ರಾಂಶವನ್ನು ತಿನ್ನಲಾರನು. ಕಂಪ್ಯೂಟರು, ವಿದ್ಯುತ್ತು, ಶಾಲೆ, ಬಿಡುವು ಇವೆಲ್ಲ ಮೊದಲನೆಯ ಗುಂಪಿನ ಸ್ವತ್ತುಗಳು. ಇವುಗಳಿಲ್ಲದವನಿಗೆ ಎರಡನೆಯ ಗುಂಪಿನ ಸಮೃದ್ಧಿಯು ತಲಪುವುದಿಲ್ಲ. ಬಟ್ಟೆಯೂ ಆಹಾರವೂ ಇಲ್ಲದ ಸಹೋದರನಿಗೆ ಶುಭ ಹಾರೈಸಿ ಕಳುಹಿಸುವುದರಿಂದ ಪ್ರಯೋಜನವೇನೆಂದು ಯಾಕೋಬನ ಪತ್ರಿಕೆ ಕೇಳುತ್ತದೆ (2:15-16). ಯೆರೂಸಲೇಮಿನ ಮೊದಲ ಸಭೆಯವರು ಹಂಚಿಕೊಂಡದ್ದು ಹೊಲ ಮನೆಗಳನ್ನು, ಅಂದರೆ ಕೊಟ್ಟರೆ ಕುಂದುವ ಸ್ವತ್ತನ್ನು; ಅವರಲ್ಲಿ ಕೊರತೆಯುಳ್ಳವನು ಒಬ್ಬನೂ ಇರಲಿಲ್ಲವೆಂದು ಲೂಕನು ಬರೆಯುತ್ತಾನೆ. ಆದರೆ ಮುಂದೆ ಅದೇ ಊರಿನ ಬಡ ವಿಶ್ವಾಸಿಗಳಿಗಾಗಿ ಪೌಲನು ಇತರ ಸಭೆಗಳಿಂದ ಹಣ ಸಂಗ್ರಹಿಸಬೇಕಾಯಿತು. ಆಗ ಅವನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯದಲ್ಲಿ ಬಳಸಿದ ಮಾತು ಸಮಾನತೆ. ನೆನೆದ ದೃಷ್ಟಾಂತ ಮನ್ನ. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಸಾಲದೆ ಹೋಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳಬಿದ್ದಿತು. ಆದುದರಿಂದ ಕುಂದದ ಸ್ವತ್ತನ್ನು ಹಂಚಿದರೆ ಸಮೃದ್ಧಿ ಬರುತ್ತದೆ. ಕುಂದುವ ಸ್ವತ್ತನ್ನು ಹಂಚಿದರೆ ಸಮಾನತೆ ಬರುತ್ತದೆ. ಮೊದಲನೆಯದು ಸುಲಭ, ಎರಡನೆಯದಕ್ಕೆ ತ್ಯಾಗ ಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡಿದೆವೆಂದು ತೃಪ್ತರಾಗುವುದು ಆತ್ಮವಂಚನೆ.

ಸಾಮುದಾಯಿಕ ಸ್ವತ್ತಿನ ಪಾಲನೆ

ಎಲ್ಲರದೂ ಆದದ್ದು ಯಾರದೂ ಅಲ್ಲ, ಆದುದರಿಂದ ಅದು ಹಾಳಾಗುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದರು. ಎಲಿನರ್ ಆಸ್ಟ್ರಮ್ ಹಲವು ದೇಶಗಳ ಹುಲ್ಲುಗಾವಲು, ನೀರಾವರಿ, ಮೀನುಗಾರಿಕೆಗಳನ್ನು ಅಭ್ಯಸಿಸಿ, ಸಮುದಾಯಗಳು ತಾವೇ ನಿಯಮ ಮಾಡಿಕೊಂಡು ಸಾಮುದಾಯಿಕ ಸ್ವತ್ತನ್ನು ಶತಮಾನಗಳ ಕಾಲ ಉಳಿಸಿಕೊಂಡಿರುವುದನ್ನು 1990ರ ತಮ್ಮ ಗ್ರಂಥದಲ್ಲಿ ತೋರಿಸಿದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ನಮ್ಮ ಕೆರೆಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ತೂಬನ್ನು ತೆರೆದು ಮುಚ್ಚಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರಗಂಟಿಯಿದ್ದನು. ಅವನಿಗೆ ಸುಗ್ಗಿಯಲ್ಲಿ ಧಾನ್ಯದ ಪಾಲು ಸಲ್ಲುತ್ತಿತ್ತು. ಹೂಳೆತ್ತಲು ಊರು ಕೂಡುತ್ತಿತ್ತು. ಕೆರೆಯು ಎಲ್ಲರದೂ ಆಗಿ ಉಳಿದದ್ದು ಅದನ್ನು ನೋಡಿಕೊಳ್ಳುವವನು ಇದ್ದುದರಿಂದ, ಅವನ ಹೊಟ್ಟೆಯನ್ನು ಊರು ನೋಡಿಕೊಂಡುದರಿಂದ. ಮುಕ್ತ ತಂತ್ರಾಂಶಕ್ಕೂ ಇಂದು ಬೇಕಾಗಿರುವುದು ಇಂಥ ನೀರಗಂಟಿಗಳು, ಮತ್ತು ಅವರನ್ನು ಮರೆಯದ ಊರು.

ಸಭೆಯ ಮುಂದಿರುವ ಕೆಲಸ

ನಾಲ್ಕನೆಯ ಶತಮಾನದ ಕೈಸರೈಯದ ಬೆಸಿಲನು, ಕಣಜಗಳನ್ನು ಕಿತ್ತು ದೊಡ್ಡದಾಗಿ ಕಟ್ಟಿಸಬಯಸಿದ ಧನಿಕನ ಸಾಮ್ಯವನ್ನು ಕುರಿತು ಮಾಡಿದ ಪ್ರಸಂಗದಲ್ಲಿ ಒಂದು ಹೋಲಿಕೆ ಕೊಡುತ್ತಾನೆ. ಮೊದಲು ಬಂದೆನೆಂಬ ಕಾರಣಕ್ಕೆ ನಾಟಕಶಾಲೆಯ ಬಾಗಿಲಲ್ಲಿ ನಿಂತು, ಎಲ್ಲರಿಗಾಗಿ ಇರುವುದನ್ನು ತನ್ನದೆಂದು ಇತರರನ್ನು ತಡೆಯುವವನಂತೆ ಧನಿಕನು ವರ್ತಿಸುತ್ತಾನೆ ಎಂದು. ಈ ಹೋಲಿಕೆಯನ್ನು ನಾವು ಕಂಪನಿಗಳಿಗೆ ಮಾತ್ರ ಅನ್ವಯಿಸಿ ನಿಲ್ಲಬಾರದು. ಸಭೆಗಳೂ ಸೆಮಿನರಿಗಳೂ ಕ್ರೈಸ್ತ ಪ್ರಕಾಶನಗಳೂ ಒಂದು ಬಾಗಿಲಲ್ಲಿ ನಿಂತಿವೆ.

ಉಚಿತವಾಗಿ ಹೊಂದಿದ್ದನ್ನು ಉಚಿತವಾಗಿ ಕೊಡಬೇಕೆಂದು ಶಿಷ್ಯರಿಗೆ ಆಜ್ಞೆಯಾಗಿದೆ (ಮತ್ತಾಯ 10:8). ಆದರೂ ಕನ್ನಡದ ವ್ಯಾಖ್ಯಾನಗಳು, ಭಾನುವಾರ ಶಾಲೆಯ ಪಾಠಗಳು, ಕೀರ್ತನೆಗಳ ಸ್ವರಪ್ರಸ್ತಾರಗಳು, ಸೆಮಿನರಿಯ ಪ್ರಬಂಧಗಳು ಎಷ್ಟೋ ಕಡೆ ಮರುಮುದ್ರಣವೂ ಇಲ್ಲದೆ, ಮರುಬಳಕೆಯ ಅನುಮತಿಯೂ ಇಲ್ಲದೆ ಬೀರುಗಳಲ್ಲಿ ಉಳಿದಿವೆ. ಮಾರಾಟವೂ ಆಗದ, ಹಂಚಲ್ಪಡದ ಜ್ಞಾನವು ಬಚ್ಚಿಟ್ಟ ಮನ್ನದಂತೆ. ಕನ್ನಡದ ಇಂಡಿಯನ್ ರಿವೈಸ್ಡ್ ವರ್ಷನ್ ಸತ್ಯವೇದವು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ದೊರೆಯುತ್ತಿರುವುದು, ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶವನ್ನು ಅಂಥದೇ ಪರವಾನಗಿಯಡಿ ಬಿಟ್ಟುಕೊಟ್ಟಿರುವುದು ನಮ್ಮ ಮುಂದಿರುವ ಮಾದರಿಗಳು.

ಕೆಲವು ಹೆಜ್ಜೆಗಳನ್ನು ಸೂಚಿಸಬಹುದು. ಸಭೆಯ ಕಾಣಿಕೆಯಿಂದ ಸಿದ್ಧವಾದ ಪಠ್ಯಗಳು ಮುಕ್ತ ಪರವಾನಗಿಯಡಿ ಪ್ರಕಟವಾಗಲಿ. ಅವುಗಳಿಗೆ ವಿಶ್ವಾಸಿಗಳು ಒಮ್ಮೆ ಬೆಲೆ ತೆತ್ತಿದ್ದಾರೆ. ಕೃತಿಸ್ವಾಮ್ಯದ ಅವಧಿ ಮುಗಿದ ಹಳೆಯ ಮುದ್ರಣಗಳನ್ನು ಗಣಕೀಕರಿಸಿ ವಿಕಿಸೋರ್ಸಿನಂಥ ಸಾರ್ವಜನಿಕ ಭಂಡಾರಕ್ಕೆ ಸೇರಿಸಲಿ. ಭಾಷಾಂತರಕಾರರಿಗೂ ತಂತ್ರಜ್ಞರಿಗೂ ದುಡಿಮೆಯ ಸಮಯದಲ್ಲಿಯೇ ತಕ್ಕ ಸಂಭಾವನೆ ಸಲ್ಲಲಿ. ಫಲವು ಮುಕ್ತವಾಗಿರಬೇಕಾದರೆ ಬೇರಿಗೆ ನೀರೆರೆಯಬೇಕು. ಸಭೆಯ ಶಾಲೆಗಳು ಮುಕ್ತ ತಂತ್ರಾಂಶವನ್ನು ಕಲಿಸಲಿ, ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ಬಾಗಿಲು ತೆರೆಯಲಿ. ಮುಕ್ತತೆಗೆ ಒಂದು ಗಡಿಯೂ ಇರಲಿ: ಪಾಪನಿವೇದನೆ, ಆಪ್ತಸಮಾಲೋಚನೆ, ಸಭಾಸದಸ್ಯರ ವೈಯಕ್ತಿಕ ವಿವರಗಳು ಹಂಚಿಕೊಳ್ಳತಕ್ಕ ಸ್ವತ್ತಲ್ಲ. ಜ್ಞಾನವು ಎಲ್ಲರದು; ಮನುಷ್ಯನ ಗುಟ್ಟು ಅವನದು.

ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಐದು ಸಾವಿರ ಜನರು ತೃಪ್ತರಾದ ಮೇಲೆ ಯೇಸುಸ್ವಾಮಿಯು ಶಿಷ್ಯರಿಗೆ ಇನ್ನೊಂದು ಕೆಲಸವನ್ನು ಒಪ್ಪಿಸುತ್ತಾನೆ: ಏನೂ ನಷ್ಟವಾಗದಂತೆ ಮಿಕ್ಕ ತುಂಡುಗಳನ್ನು ಕೂಡಿಸುವ ಕೆಲಸ. ರೊಟ್ಟಿಯನ್ನು ಹೆಚ್ಚಿಸಿದವನು ತುಂಡುಗಳನ್ನು ಲೆಕ್ಕಿಸದೆ ಬಿಡಬಹುದಿತ್ತು. ಸಮೃದ್ಧಿಯು ಅಲಕ್ಷ್ಯಕ್ಕೆ ಪರವಾನಗಿಯಲ್ಲ ಎಂಬುದನ್ನು ಅವನು ಶಿಷ್ಯರಿಗೆ ಕಲಿಸಿದನು. ಹಂಚುವ ಕೈಗಳಷ್ಟೇ ಕೂಡಿಸಿ ಕಾಪಾಡುವ ಕೈಗಳೂ ಅಲ್ಲಿ ಬೇಕಾದವು. ಹನ್ನೆರಡು ಪುಟ್ಟಿಗಳು ತುಂಬಿದ್ದು ಆ ಎರಡನೆಯ ಕೆಲಸದಿಂದ. ಆ ಪುಟ್ಟಿಗಳನ್ನು ಹೊರುವ ಹೊಣೆ ಇಂದಿಗೂ ಶಿಷ್ಯರದೇ.